ಹಾಡು ಕಲಿಸುವ ಮೊದಲು ‘ಯಾಕೆ’ ಅಂತ ಕೇಳುವ ಸಂಗೀತ ಕ್ಲಾಸು

ಈ ಕ್ಲಾಸಿನ ಹೆಸರು, ವಿಳಾಸ ಹಾಕುವುದಿಲ್ಲ. ಮೇಷ್ಟ್ರೇ ಬೇಡ ಅಂದಿದ್ದಾರೆ. ಇರುವುದು ಮನೆಯ ಒಂದು ಹಾಲ್, ಹಿಡಿಸುವುದು ಐದಾರು ಜನ, ಅದೂ ಈಗ ತುಂಬಿದೆ. ಬೆಂಗಳೂರು ದಕ್ಷಿಣದ ಕಡೆ ಇದೆ ಅಂತಷ್ಟೇ ಹೇಳಬಹುದು. ಆದರೂ ಬರೀತಿದ್ದೀನಿ, ಯಾಕೆಂದರೆ ದೊಡ್ಡವರಾದ ಮೇಲೆ ಸಂಗೀತ ಕಲಿಯೋಕೆ ಹೊರಡುವವರು ಸುಮಾರು ಜನ ಇದ್ದಾರೆ, ಅವರಲ್ಲಿ ಅರ್ಧಕ್ಕರ್ಧ ಜನ ಮೂರು ತಿಂಗಳಲ್ಲಿ ಬಿಡುತ್ತಾರೆ, ಮತ್ತು ಬಿಡುವುದಕ್ಕೆ ‘ಟೈಮಿಲ್ಲ’ ಅನ್ನುವ ಕಾರಣ ಬಿಟ್ಟು ಬೇರೆ ಯಾವುದನ್ನೂ ಯಾರೂ ಹೇಳುವುದಿಲ್ಲ.

ಕರ್ನಾಟಕ ಸಂಗೀತ, ಗಾಯನ ಮಾತ್ರ. ಮಕ್ಕಳಿಗಿಲ್ಲ. ಭಾನುವಾರ ಬೆಳಿಗ್ಗೆ ಒಂದೂವರೆ ಗಂಟೆ, ತಿಂಗಳಿಗೆ 2,000 ರೂಪಾಯಿ. ಮೇಷ್ಟ್ರು ಸಣ್ಣ ವಯಸ್ಸಿನಿಂದ ಕಲಿತವರು, ಆದರೆ ಹೊಟ್ಟೆಪಾಡಿಗೆ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ದುಡಿದು ರಿಟೈರ್ ಆದವರು. ಈ ಕ್ಲಾಸಿನ ಒಳ್ಳೆಯದು ಕೆಟ್ಟದು ಎರಡಕ್ಕೂ ಮೂಲ ಆ ಕಾರ್ಖಾನೆಯೇ.

ಅಲ್ಲಿ ‘ಐದು ಯಾಕೆ’ ಅಂತ ಒಂದು ಪದ್ಧತಿ ಇರುತ್ತದೆ. ಟೊಯೋಟಾ ಕಂಪನಿಯಲ್ಲಿ ಬೆಳೆದದ್ದು. ಮೆಷಿನ್ ನಿಂತಿತು, ಯಾಕೆ? ಫ್ಯೂಸ್ ಹೋಯಿತು. ಫ್ಯೂಸ್ ಯಾಕೆ ಹೋಯಿತು? ಬೇರಿಂಗಿಗೆ ಎಣ್ಣೆ ಸಾಲದೆ ಲೋಡ್ ಜಾಸ್ತಿ ಆಯಿತು. ಎಣ್ಣೆ ಯಾಕೆ ಸಾಲಲಿಲ್ಲ? ಪಂಪ್ ಸರಿಯಾಗಿ ಎತ್ತುತ್ತಿಲ್ಲ. ಅದ್ಯಾಕೆ? ಒಳಗಿನ ಶಾಫ್ಟ್ ಸವೆದಿದೆ. ಸವೆದದ್ದು ಯಾಕೆ? ಜಾಲರಿ ಇಲ್ಲ, ಕಬ್ಬಿಣದ ಚೂರು ಒಳಗೆ ಹೋಗಿದೆ. ಫ್ಯೂಸ್ ಬದಲಾಯಿಸಿ ಸುಮ್ಮನಾದರೆ ನಾಳೆ ಮತ್ತೆ ನಿಲ್ಲುತ್ತದೆ, ಜಾಲರಿ ಹಾಕಿದರೆ ನಿಲ್ಲುವುದಿಲ್ಲ. ಮೇಷ್ಟ್ರು ಇದನ್ನು ಹೊಸದಾಗಿ ಬಂದವರ ಮೇಲೆ ಪ್ರಯೋಗಿಸುತ್ತಾರೆ. ಮೊದಲ ಭಾನುವಾರ ಹಾಡೂ ಇಲ್ಲ, ಸ್ವರವೂ ಇಲ್ಲ. ಬರೀ ಪ್ರಶ್ನೆ.

ನಾನು ಹೈಸ್ಕೂಲಿನಲ್ಲಿದ್ದಾಗ ಸಂಗೀತದ ಜೂನಿಯರ್ ಪರೀಕ್ಷೆ ಮುಗಿಸಿದ್ದೆ, ಅದಾದ ಮೇಲಿನದು ಸೀನಿಯರ್. ‘ಸೀನಿಯರ್ ಕಟ್ಟಬೇಕು ಸಾರ್’ ಅಂದೆ. ಯಾಕೆ ಅಂದರು. ಅರ್ಧಕ್ಕೆ ನಿಂತಿದೆ, ಮುಗಿಸಬೇಕು ಅಂದೆ. ಈಗ್ಯಾಕೆ ಮುಗಿಸಬೇಕು, ಇಷ್ಟು ವರ್ಷ ಇಲ್ಲದ್ದು? ಸಂಗೀತ ಕಚೇರಿಗೆ ಹೋಗಿ ಕೂತರೆ ಏನೂ ಗೊತ್ತಾಗಲ್ಲ, ಕಲಿತವಳು ಅಂತ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ ಅಂದೆ. ಯಾರ ಮುಂದೆ ನಾಚಿಕೆ ಅಂದರು. ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಆಮೇಲೆ ‘ಆತ್ಮತೃಪ್ತಿ’ ಅಂತೇನೋ ಹೇಳಿದೆ. ಪಕ್ಕದಲ್ಲಿದ್ದವರು ನಕ್ಕರು, ಮೇಷ್ಟ್ರು ನಗಲಿಲ್ಲ, ಏನೋ ಬರೆದುಕೊಂಡರು.

ಇಲ್ಲೊಂದು ಮಾತು ಹೇಳಬೇಕು. ಈ ಪದ್ಧತಿ ಮೆಷಿನ್ನಿಗೆ ಸರಿ, ಮನುಷ್ಯರಿಗೆ ಅಷ್ಟು ಸರಿಯಿಲ್ಲ. ಮೆಷಿನ್ ಸುಳ್ಳು ಹೇಳುವುದಿಲ್ಲ. ನಾನು ನೋಡಿದ ಹಾಗೆ ಎರಡನೇ ಮೂರನೇ ‘ಯಾಕೆ’ ತನಕ ಜನ ನಿಜ ಹೇಳುತ್ತಾರೆ, ಅದು ದಾಟಿದರೆ ಸಿನಿಮಾ ಡೈಲಾಗು ಶುರು. ಒಬ್ಬರು ಸಂಗೀತವೇ ನನ್ನ ಉಸಿರು ಅಂದರು, ಮುಂದಿನ ವಾರದಿಂದ ಬರಲಿಲ್ಲ. ಇನ್ನೊಬ್ಬ ಹುಡುಗ ನೇರವಾಗಿಯೇ ‘ಸಾರ್, ಹಾಡು ಹೇಳಿಕೊಡಿ, ಕೌನ್ಸೆಲಿಂಗ್ ಬೇಡ’ ಅಂದುಬಿಟ್ಟ. ಅವನ ಮಾತಲ್ಲಿ ತಪ್ಪೇನೂ ಕಾಣಲಿಲ್ಲ ನನಗೆ. ದುಡ್ಡು ಕೊಟ್ಟು ಹಾಡು ಕಲಿಯೋಕೆ ಬಂದವನಿಗೆ ಮೊದಲ ದಿನ ಒಂದು ಸ, ಒಂದು ಪ ಆದರೂ ಹಾಡಿಸಿ ಕಳಿಸಬೇಕಿತ್ತು.

ಹಾಗಾದರೆ ಈ ಕ್ಲಾಸನ್ನು ಯಾಕೆ ಹೊಗಳುತ್ತಿದ್ದೇನೆ ಅಂದರೆ, ಪುಸ್ತಕಕ್ಕೋಸ್ಕರ. ಮೇಷ್ಟ್ರು ಎಲ್ಲರಿಗೂ ಒಂದೊಂದು ಸಣ್ಣ ನೋಟ್‌ಬುಕ್ ಕೊಡುತ್ತಾರೆ, ಕಿರಾಣಿ ಅಂಗಡಿಯಲ್ಲಿ ಸಾಲ ಬರೆದಿಡುವ ಅಳತೆಯದು. ಅಭ್ಯಾಸ ಮಾಡಿದ್ದನ್ನು ಅದರಲ್ಲಿ ಬರೆಯೋ ಹಾಗಿಲ್ಲ. ಯಾರೂ ಕೇಳದೆ, ಯಾರೂ ಹೇಳದೆ, ನಿಮ್ಮಷ್ಟಕ್ಕೆ ನೀವು ಏನು ಗುನುಗಿದಿರಿ, ಯಾವಾಗ, ಅಷ್ಟೇ. ಬಟ್ಟೆ ಮಡಚುವಾಗ, ಸಿಗ್ನಲ್ಲಿನಲ್ಲಿ, ಸ್ನಾನದ ಮನೆಯಲ್ಲಿ. ಒಂದು ತಿಂಗಳು ಹೀಗೆ ಬರೆದು ತಂದು ಕೊಡಬೇಕು. ನೀವು ಬಾಯಲ್ಲಿ ಹೇಳಿದ ಗುರಿಯನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಂಡು ಅವರು ಮಾತಾಡುತ್ತಾರೆ.

ನನ್ನ ಪುಸ್ತಕದಲ್ಲಿ ಪರೀಕ್ಷೆಗೆ ಸಂಬಂಧಪಟ್ಟದ್ದು ಒಂದೂ ಇರಲಿಲ್ಲ. ಒಂದು ವರ್ಣ ಇಲ್ಲ, ಒಂದು ಕೃತಿ ಪೂರ್ತಿ ಇಲ್ಲ. ಇದ್ದದ್ದೆಲ್ಲ ಚೂರುಪಾರು. ರೇಡಿಯೋದಲ್ಲಿ ಕೇಳಿದ ಆಲಾಪನೆಯ ಒಂದು ಎಳೆ, ಒಂದು ಸಿನಿಮಾ ಹಾಡಿನ ಪಲ್ಲವಿ, ಪಕ್ಕದಲ್ಲಿ ರಾಗ ಯಾವುದು ಅಂತ ‘ಇದು ಮೋಹನವಾ? ಶುದ್ಧ ಸಾವೇರಿಯಾ?’ ಅಂತ ಪ್ರಶ್ನೆ ಚಿಹ್ನೆ. ಪುಟ ತಿರುವಿದರೆ ಬರೀ ಪ್ರಶ್ನೆ ಚಿಹ್ನೆಗಳೇ. ಮೇಷ್ಟ್ರು ನೋಡಿ, ‘ನಿಮಗೆ ಹಾಡೋದಕ್ಕಿಂತ ಕಂಡುಹಿಡಿಯೋದು ಇಷ್ಟ ಕಣ್ರೀ’ ಅಂದರು. ‘ಯಾರ ಹತ್ತಿರ ಪಂಥ ಕಟ್ಟಿದ್ದೀರಿ?’

ಭಾವನ ಹತ್ತಿರ, ಇನ್ಯಾರ ಹತ್ತಿರ. ಅಕ್ಕನ ಗಂಡ. ಪ್ರತಿ ವರ್ಷ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಚೇರಿಗಳಾಗುತ್ತವಲ್ಲ, ಶ್ರೀ ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವುದು, ಅಲ್ಲಿಗೆ ನಾವೆಲ್ಲ ಒಟ್ಟಿಗೆ ಹೋಗುತ್ತೇವೆ. ಹಾಡುವವರು ಬಾಯಿ ತೆರೆದು ನಾಲ್ಕು ಸ್ವರ ಆಗಿರುವುದಿಲ್ಲ, ಭಾವ ನನ್ನ ಕಡೆ ಬಗ್ಗಿ ರಾಗದ ಹೆಸರು ಹೇಳಿ, ‘ನೀನು ಜೂನಿಯರ್ ಮಾಡಿದ್ದೀಯಲ್ಲಮ್ಮ’ ಅನ್ನುತ್ತಾರೆ. ಅವರು ಒಂದು ದಿನವೂ ಸಂಗೀತ ಕಲಿತವರಲ್ಲ. ಸೀನಿಯರ್, ಅರ್ಧಕ್ಕೆ ನಿಂತದ್ದು, ಆತ್ಮತೃಪ್ತಿ, ಎಲ್ಲದರ ಅಡಿಯಲ್ಲಿ ಇದ್ದದ್ದು ಇಷ್ಟೇ. ಇದನ್ನು ಐದು ಜನರ ಮುಂದೆ ಒಪ್ಪಿಕೊಳ್ಳುವುದು ಕಷ್ಟ. ಆದರೆ ಇಲ್ಲಿನ ದೊಡ್ಡ ಗುಣ ಏನೆಂದರೆ, ಕಾರಣ ಸಣ್ಣದು ಅಂತ ಮೇಷ್ಟ್ರು ಮೂಗು ಮುರಿಯುವುದಿಲ್ಲ. ಭಕ್ತಿಯಿಂದ ಬಂದವರಿಗೂ ಜಿದ್ದಿನಿಂದ ಬಂದವರಿಗೂ ಒಂದೇ ಮರ್ಯಾದೆ.

ಪಾಠ ಆ ವಾರದಿಂದಲೇ ಬದಲಾಯಿತು. ಪರೀಕ್ಷೆ ಪಾಠ ಪಕ್ಕಕ್ಕಿಟ್ಟು ಜೋಡಿ ರಾಗಗಳನ್ನು ಕೊಡೋಕೆ ಶುರು ಮಾಡಿದರು. ಅಭೋಗಿ, ಶ್ರೀರಂಜಿನಿ. ಎರಡರಲ್ಲೂ ಪಂಚಮ, ಅಂದರೆ ಪ, ಇಲ್ಲ, ಸ ರಿ ಗ ಮ ದ ಎರಡಕ್ಕೂ ಒಂದೇ, ಶ್ರೀರಂಜಿನಿಯಲ್ಲಿ ಒಂದು ನಿ ಜಾಸ್ತಿ. ‘ರಾಗ ಯಾವುದು ಅಂತ ಯೋಚಿಸಬೇಡಿ, ನಿ ಬಂತಾ ಅಂತ ಮಾತ್ರ ಕಾಯಿರಿ.’ ಮೋಹನ, ಶುದ್ಧ ಸಾವೇರಿ: ಒಂದರಲ್ಲಿ ಗ ಇದೆ ಮ ಇಲ್ಲ, ಇನ್ನೊಂದರಲ್ಲಿ ಮ ಇದೆ ಗ ಇಲ್ಲ. ಬಿಲಹರಿ ಮೇಲೆ ಹೋಗುವಾಗ ಮೋಹನದ ಹಾಗೆ ಹೋಗಿ ಕೆಳಗೆ ಬರುವಾಗ ಶಂಕರಾಭರಣದ ಹಾಗೆ ಏಳೂ ಸ್ವರ ಇಳಿಯುತ್ತದೆ, ಹಾಗಾಗಿ ಹತ್ತಿದ್ದು ಕೇಳಿ ಮೋಹನ ಅಂತ ಬಾಯಿಬಿಡುವ ಮೊದಲು ಇಳಿಯುವ ತನಕ ತಾಳ್ಮೆ ಬೇಕು. ಇಂಥವು ವಾರಕ್ಕೆ ಒಂದು ಜೋಡಿ.

ಒಂದು ಭಾನುವಾರದ್ದು ಪೂರ್ತಿ ಹೇಳಲೇಬೇಕು. ಹಾರ್ಮೋನಿಯಂ ಮುಂದೆ ಕೂರಿಸಿದರು. ಮನೆ ಅಂದರೆ ಒತ್ತುವ ಕೀ. ಬಿಳಿ ಮನೆ ಮುಟ್ಟಬಾರದು, ಬರೀ ಕರಿ ಮನೆ. ಮೂರು ಕರಿ ಮನೆ ಒಟ್ಟಿಗೆ ಇರುತ್ತವಲ್ಲ, ಅದರಲ್ಲಿ ಮೊದಲನೆಯದನ್ನು ಸ ಅಂತ ಇಟ್ಟುಕೊಳ್ಳಿ ಅಂದರು, ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರ ಪೆಟ್ಟಿಗೆಯನ್ನೂ ಅದೇ ಶ್ರುತಿಗೆ ತಿರುಗಿಸಿದರು. ನುಡಿಸುತ್ತಾ ಹೋದೆ, ಮೋಹನ. ಆಮೇಲೆ ಪೆಟ್ಟಿಗೆಯ ಶ್ರುತಿಯನ್ನು ಅದರ ಪಕ್ಕದ ಕರಿ ಮನೆಗೆ ಏರಿಸಿದರು, ಈಗ ಅಲ್ಲಿಂದ ನುಡಿಸಿ ಅಂದರು. ಅದೇ ಮನೆಗಳು, ಅದೇ ಬೆರಳು, ಕಿವಿಗೆ ಬಿದ್ದದ್ದು ಮಧ್ಯಮಾವತಿ. ಇನ್ನೊಂದು ಮನೆ ಮುಂದೆ ಹೋದರು, ತಂಬೂರದಲ್ಲಿ ಪ ತೆಗೆದು ಮ ಇಟ್ಟರು, ಯಾಕೆಂದರೆ ಬರುವ ರಾಗದಲ್ಲಿ ಪಂಚಮ ಇಲ್ಲ. ಹಿಂದೋಳ ಬಂತು. ಅಲ್ಲಿಂದ ಮುಂದಿನ ಜೋಡಿ ಕರಿ ಮನೆಗೆ ದಾಟಿದರೆ ಮೊದಲನೆಯದರಿಂದ ಶುದ್ಧ ಸಾವೇರಿ, ಎರಡನೆಯದರಿಂದ ಶುದ್ಧ ಧನ್ಯಾಸಿ. ಒಂದು ಸ್ವರವೂ ಬದಲಾಗಿಲ್ಲ, ಸ ಎಲ್ಲಿದೆ ಅನ್ನುವುದು ಮಾತ್ರ ಬದಲಾಗಿದೆ. ಗ್ರಹಭೇದ ಅಂತ ಇದಕ್ಕೆ. ಜೂನಿಯರಿಗೆ ಓದುವಾಗ ಈ ಹೆಸರೇ ಕೇಳಿರಲಿಲ್ಲ ನಾನು. ಕ್ಲಾಸಿನಲ್ಲಿದ್ದವರೆಲ್ಲ ಹಾರ್ಮೋನಿಯಂ ಸುತ್ತ ಬಂದು ನಿಂತಿದ್ದರು, ಆ ವಾರ ಕ್ಲಾಸು ಮುಗಿದದ್ದು ಊಟದ ಹೊತ್ತಿಗೆ.

ನನ್ನ ಜೊತೆ ಬರುವ ಒಬ್ಬರು ಬ್ಯಾಂಕಿನಲ್ಲಿದ್ದವರು. ಸ್ಟೇಜ್ ಮೇಲೆ ಹಾಡಬೇಕು ಅಂತ ಬಂದರು. ಅವರ ಪುಸ್ತಕದ ತುಂಬ ಭಜನೆ, ಗುಂಪಿನಲ್ಲಿ ಹೇಳುವ ಹಾಡುಗಳು. ಕೊನೆಗೆ ಗೊತ್ತಾಗಿದ್ದು, ಅವರಿಗೆ ಒಬ್ಬರೇ ಹಾಡುವುದು ಇಷ್ಟವೇ ಇಲ್ಲ, ಹತ್ತಾರು ದನಿಗಳ ನಡುವೆ ತಮ್ಮದೂ ಒಂದು ಸೇರಬೇಕು ಅನ್ನುವುದೇ ಆಸೆ. ಪುಷ್ಯ ಬಹುಳ ಪಂಚಮಿಗೆ ತ್ಯಾಗರಾಜರ ಆರಾಧನೆಯಲ್ಲಿ ಪಂಚರತ್ನ ಕೃತಿಗಳನ್ನು ಗೋಷ್ಠಿಯಲ್ಲಿ ಹಾಡುತ್ತಾರಲ್ಲ, ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗದವು, ಅದಕ್ಕೆ ತಯಾರಾಗುತ್ತಿದ್ದಾರೆ ಈಗ. ಶ್ರೀರಾಗದ್ದು ಬಾಯಿಗೆ ಬಂದಿದೆ. ಸರಳೆ ವರಸೆ, ಜಂಟಿ ವರಸೆ ಅಂತ ಕ್ರಮವಾಗಿ ಹತ್ತದೆ ಹೀಗೆ ನೇರವಾಗಿ ಪಂಚರತ್ನಕ್ಕೆ ಕೈ ಹಾಕಿಸುವುದು ಸರಿಯಾ ಅಂತ ಸಂಪ್ರದಾಯದವರು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಅವರ ತಾಳ ಇನ್ನೂ ಅಲ್ಲಲ್ಲಿ ಓಡುತ್ತದೆ. ಆದರೆ ಒಂದು ಭಾನುವಾರವೂ ತಪ್ಪಿಸಿಲ್ಲ ಅವರು.

ಈಗ ಬೇಜಾರಿನ ವಿಷಯಗಳು. ಕ್ಲಾಸು ತಪ್ಪಿಸಿದರೆ ತಪ್ಪಿತು, ಬೇರೆ ದಿನ ಮಾಡಿಕೊಡುವುದಿಲ್ಲ, ಆದರೆ ಮೇಷ್ಟ್ರಿಗೆ ಮದುವೆ ಮುಂಜಿ ಇದ್ದರೆ ಕ್ಲಾಸು ರದ್ದು ಅಂತ ಅದೇ ದಿನ ಬೆಳಿಗ್ಗೆ ಮೆಸೇಜು ಬರುತ್ತದೆ. ಇದು ನನಗೆ ಹಿಡಿಸಿಲ್ಲ, ಹೇಳಿಯೂ ಇದ್ದೇನೆ. ಮಾತು ಜಾಸ್ತಿ. ಒಬ್ಬೊಬ್ಬರಿಗೂ ಬೇರೆ ಬೇರೆ ಪಾಠ ಆದ್ದರಿಂದ ನಿಮ್ಮ ಸರದಿ ಬರೋಕೆ ಕಾಯಬೇಕು, ಒಂದೂವರೆ ಗಂಟೆಯಲ್ಲಿ ನೀವು ನಿಜವಾಗಿ ಹಾಡುವುದು ಇಪ್ಪತ್ತು ನಿಮಿಷ ಇದ್ದೀತು. ದನಿ ಸಾಧನೆಗೆ ಇಲ್ಲಿ ಒತ್ತು ಕಡಿಮೆ. ನನ್ನ ಕಿವಿ ಸುಧಾರಿಸಿದಷ್ಟು ಗಂಟಲು ಸುಧಾರಿಸಿಲ್ಲ, ತಾರ ಸ್ಥಾಯಿಯಲ್ಲಿ ಇನ್ನೂ ಕೀಚಲು ದನಿಯೇ. ಫೋನಿನಲ್ಲಿ ತಂಬೂರ ಆ್ಯಪ್ ಹಾಕಿಕೊಂಡು ಅಭ್ಯಾಸ ಮಾಡಿದರೆ ಬೈಯುತ್ತಾರೆ, ನಡುವೆ ಮೆಸೇಜಿನ ಟಿಂಗ್ ಕೇಳಿದರೆ ಶ್ರುತಿ ತಪ್ಪುತ್ತೆ ಅಂತ. ಅದಕ್ಕೆ ಏರೋಪ್ಲೇನ್ ಮೋಡ್ ಇದೆಯಲ್ಲ ಸಾರ್ ಅಂದರೆ ಕೇಳಿಸದ ಹಾಗೆ ಮಾಡುತ್ತಾರೆ. ಪಾರ್ಕಿಂಗ್ ಇಲ್ಲವೇ ಇಲ್ಲ.

ಈ ಸಲದ ರಾಮನವಮಿಗೂ ಹೋಗಿದ್ದೆವು. ಆಲಾಪನೆ ಶುರುವಾಯಿತು, ಪಂಚಮ ಕಾಣಲಿಲ್ಲ, ನಾನು ನಿ ಕಾಯುತ್ತಾ ಕೂತೆ. ಭಾವ ಎಂದಿನಂತೆ ಮೊದಲೇ ‘ಶ್ರೀರಂಜಿನಿ’ ಅಂದರು. ಸ್ವಲ್ಪ ಹೊತ್ತಿಗೆ ನಿ ಬಂತು, ಅವರು ಹೇಳಿದ್ದೇ ಸರಿ. ‘ಅಭೋಗಿ ಅಲ್ಲ ಅಂತ ಹೇಗೆ ಗೊತ್ತಾಯ್ತು ಭಾವ?’ ಅಂತ ಕೇಳಿದೆ. ‘ಅದೆಲ್ಲ ಗೊತ್ತಿಲ್ಲಮ್ಮ, ನಮ್ಮಮ್ಮ ಹೇಳ್ತಿದ್ದ ಒಂದು ಕೀರ್ತನೆ ಥರಾನೇ ಇತ್ತು, ಅದು ಶ್ರೀರಂಜಿನಿ’ ಅಂದರು. ಇಷ್ಟು ವರ್ಷ ಅವರ ಗುಟ್ಟು ಇದೇ ಆಗಿತ್ತು! ನಾನು ನಿ ವಿಷಯ ವಿವರಿಸಿದೆ, ಮೃದಂಗದವರ ತನಿ ಆವರ್ತನ ಬರುವ ತನಕ ಇಬ್ಬರೂ ಪಿಸುಗುಟ್ಟುತ್ತಲೇ ಇದ್ದೆವು, ಮುಂದಿನ ಸಾಲಿನವರು ತಿರುಗಿ ಗುರಾಯಿಸಿದರು. ಪಂಥ ಏನಾಯಿತು ಅಂತ ಮೇಷ್ಟ್ರು ಕೇಳಿದಾಗ ಏನು ಹೇಳಬೇಕೋ ತಿಳಿಯಲಿಲ್ಲ. ಗೆಲ್ಲಬೇಕು ಅನ್ನುವುದು ಈಗ ಅಷ್ಟಾಗಿ ಇಲ್ಲ, ರಾಗದ ಹುಚ್ಚು ಮಾತ್ರ ಹಾಗೇ ಇದೆ. ಹೊಸ ನೋಟ್‌ಬುಕ್ ಕೊಟ್ಟಿದ್ದಾರೆ.

ಸೀನಿಯರ್, ವಿದ್ವತ್ ಪರೀಕ್ಷೆ ನಿಜವಾಗಿಯೂ ಕಟ್ಟುವವರು, ಅದರಲ್ಲೂ ಸಂಗೀತ ಶಿಕ್ಷಕರಾಗಬೇಕು ಅಂತ ಸರ್ಟಿಫಿಕೇಟಿಗೆ ಓದುವವರು, ಇಲ್ಲಿಗೆ ಬರಬೇಡಿ. ಆ ಕಾರಣ ಸ್ಪಷ್ಟವಾಗಿಯೇ ಇದೆ, ಅದನ್ನು ಅಗೆಯುವ ಅಗತ್ಯ ಇಲ್ಲ, ಸಿಲಬಸ್ ಮುಗಿಸುವ ಕ್ಲಾಸು ಬೇಕು ನಿಮಗೆ. ಎರಡು ಮೂರು ಕಡೆ ಸೇರಿ ಬಿಟ್ಟವರು, ಮನೆಯಲ್ಲಿ ಕೀಬೋರ್ಡೋ ವೀಣೆಯೋ ಮೂಲೆಗೆ ಸೇರಿಸಿದವರು ಒಂದು ಸಲ ನೋಡಬಹುದು. ಐದಕ್ಕೆ ನಾಲ್ಕು ಕೊಡುತ್ತಿದ್ದೆ, ಕೊನೇ ಗಳಿಗೆಯ ಆ ಮೆಸೇಜುಗಳಿಗೆ ಅರ್ಧ ಕಳೆದು ಮೂರೂವರೆ. ಹೊಸಬರನ್ನು ತೆಗೆದುಕೊಳ್ಳುವುದು ವಿಜಯದಶಮಿಗೆ ಮಾತ್ರ, ಅದೂ ಯಾರಾದರೂ ಬಿಟ್ಟರೆ. ಮಧ್ಯಾಹ್ನ ಎರಡರಿಂದ ನಾಲ್ಕು ಫೋನ್ ಮಾಡಬೇಡಿ, ಮೇಷ್ಟ್ರು ಮಲಗಿರುತ್ತಾರೆ, ಅಮ್ಮಾವ್ರು ಎತ್ತಿ ಬೈಯುತ್ತಾರೆ.