ಡ್ಯಾಶ್‌ಬೋರ್ಡ್ ನೋಡಿ ಮರುಳಾಗಬೇಡಿ: ಬಜೆಟ್ ಸಾಫ್ಟ್‌ವೇರ್ ಬಳಸಿದವನ ಅನುಭವ

ಪೀಣ್ಯದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರ ಹಣಕಾಸು ವಿಭಾಗ ನನ್ನ ಹೊಣೆ. ಲೆಕ್ಕಪತ್ರವೆಲ್ಲ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿದೆ. ಬಜೆಟ್, ಮುನ್ನಂದಾಜು, ನಗದು ಹರಿವಿನ ಲೆಕ್ಕಾಚಾರ ಮಾತ್ರ ಕೆಲವು ವರ್ಷಗಳಿಂದ ಕ್ಲೌಡ್ ಸಾಫ್ಟ್‌ವೇರ್ ಒಂದರಲ್ಲಿ ನಡೆಯುತ್ತಿದೆ. ಅದರ ಹೆಸರು ಇಲ್ಲಿ ಬೇಡ.

ಮೊದಲು ಮೆಚ್ಚುಗೆ. ಸಾಗಾಣಿಕೆ ವೆಚ್ಚ ಬಜೆಟ್ ಮೀರಿದ್ದು ಕಂಡರೆ ಆ ಅಂಕಿಯನ್ನು ಒತ್ತಿ ಲೆಡ್ಜರ್‌ಗೆ, ಅಂದರೆ ಆ ವೆಚ್ಚದ ಖಾತೆಗೆ, ಅಲ್ಲಿಂದ ಒಂದೊಂದು ವಹಿವಾಟಿನ ವೋಚರ್‌ವರೆಗೂ ಇಳಿಯಬಹುದು. ಲಾರಿ ಬಾಡಿಗೆಯೇ ಏರಿತೋ, ಹಿಂದಿನ ತಿಂಗಳ ಬಿಲ್ಲು ಈ ತಿಂಗಳ ತಲೆಗೆ ಬಿತ್ತೋ ಎಂಬುದು ಸಭೆಯಲ್ಲಿ ಕೂತಲ್ಲೇ ತೀರ್ಮಾನವಾಗುತ್ತದೆ. ಎಕ್ಸೆಲ್ ಕಾಲದಲ್ಲಿ ‘ನೋಡಿ ಹೇಳುತ್ತೇನೆ ಸಾರ್’ ಎಂದು ಎದ್ದು ಬರುತ್ತಿದ್ದೆವು.

2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳಿಗೆಲ್ಲ ಶೇ 18ರ ಜಿಎಸ್‌ಟಿ ಜಾರಿಯಾದಾಗ ಈ ಸಾಫ್ಟ್‌ವೇರ್‌ನ ನಿಜವಾದ ಬೆಲೆ ತಿಳಿಯಿತು. ತೆರಿಗೆ ಇಳಿದದ್ದರಿಂದ ಬೇಡಿಕೆ ಹೆಚ್ಚುತ್ತದೆ ಎಂದು ಮಾರಾಟದವರು ಹೇಳಿದರು, ಎಷ್ಟು ಎಂದು ಯಾರೂ ಬಾಯಿ ಬಿಡಲಿಲ್ಲ. ಮಾರಾಟದ ಪ್ರಮಾಣವೊಂದನ್ನು ತಿದ್ದಿದರೆ ಸಾಕು, ಉಕ್ಕಿನ ಖರೀದಿ, ಓವರ್‌ಟೈಮ್, ಬ್ಯಾಂಕಿನಿಂದ ಎಷ್ಟು ಓವರ್‌ಡ್ರಾಫ್ಟ್ ಬೇಕಾದೀತು ಎಂಬುದೆಲ್ಲ ತಾನಾಗಿ ಬದಲಾಗುತ್ತಿತ್ತು.

ಇನ್ನು ತಕರಾರು. ಟ್ಯಾಲಿಯಲ್ಲಿ ಹೊಸ ಲೆಡ್ಜರ್ ತೆರೆದರೆ, ಅದನ್ನು ಯಾವ ಗುಂಪಿಗೆ ಸೇರಿಸಬೇಕೆಂದು ಈ ಬಜೆಟ್ ಸಾಫ್ಟ್‌ವೇರ್‌ಗೆ ತಿಳಿಯದು. ಸದ್ದಿಲ್ಲದೆ ‘ಇತರೆ’ಗೆ ತಳ್ಳಿಬಿಡುತ್ತದೆ, ಒಂದು ಎಚ್ಚರಿಕೆಯೂ ಇಲ್ಲ. ಹಾಗಾಗಿ ವರದಿ ಕಳಿಸುವ ಮೊದಲು ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿಯ ಪಟ್ಟಿ) ಜೊತೆ ತಾಳೆ ನೋಡುವ ಕೆಲಸ ಈಗಲೂ ತಪ್ಪಿಲ್ಲ. ಪರದೆಯ ಮೇಲೆ 1,25,00,000 ಎಂದಿದ್ದದ್ದು ಪಿಡಿಎಫ್‌ನಲ್ಲಿ 12,500,000 ಆಗುತ್ತದೆ. ನಮ್ಮ ಯಜಮಾನರು ಪ್ರತಿ ಸಲವೂ ಬೆರಳಿಟ್ಟು ಸೊನ್ನೆ ಎಣಿಸುತ್ತಾರೆ.

ಖರ್ಚಿನ ವಿಷಯದಲ್ಲಿ ಚಂದಾ ಹಣವೊಂದನ್ನೇ ನೋಡಬೇಡಿ. ಮೊದಲ ವರ್ಷ ಅಳವಡಿಸಿಕೊಟ್ಟವರ ಶುಲ್ಕ ಚಂದಾವನ್ನೂ ಮೀರಿತ್ತು. ಹೊಸ ಘಟಕ ಸೇರಿಸಲು ಇಂದಿಗೂ ಅವರನ್ನೇ ಕರೆಯಬೇಕು, ಗಂಟೆಯ ಲೆಕ್ಕದಲ್ಲಿ ಬಿಲ್ಲು.

ಕೊಳ್ಳುವವರು ಮಾರುವವರ ಡೆಮೊ ಅಂಕಿಗಳನ್ನು ಬದಿಗಿಟ್ಟು ನಿಮ್ಮದೇ ಮಾರ್ಚ್ ತಿಂಗಳ ಲೆಕ್ಕವನ್ನು ಹಾಕಿಸಿ ನೋಡಿ. ವರ್ಷಾಂತ್ಯದ ಹೊಂದಾಣಿಕೆ ನಮೂದುಗಳು, ಏಪ್ರಿಲ್‌ನಲ್ಲಿ ಅವನ್ನು ತಿರುಗಿಸಿ ರದ್ದು ಮಾಡುವ ರಿವರ್ಸಲ್, ಎಲ್ಲವೂ ಸರಿಯಾಗಿ ಬಂದರೆ ಮಾತ್ರ ದರದ ಮಾತು ಎತ್ತಿ. ಒಂದೇ ಘಟಕ, ಇಬ್ಬರೇ ಕೆಲಸ ಮಾಡುವ ವಿಭಾಗವಾದರೆ ಎಕ್ಸೆಲ್ ಧಾರಾಳ ಸಾಕು. ಅದರಲ್ಲೇ ಇರುವ, ದತ್ತಾಂಶ ತಂದು ಜೋಡಿಸುವ ಪವರ್ ಕ್ವೆರಿ ಕಲಿತರೆ ಬಹುಪಾಲು ಕೆಲಸ ಅಲ್ಲೇ ಮುಗಿಯುತ್ತದೆ.

ನಾವು ಈ ವರ್ಷವೂ ಚಂದಾ ನವೀಕರಿಸಿದ್ದೇವೆ. ರಿಯಾಯಿತಿ ತೋರಿಸಿ ಮುಂದಿಟ್ಟ ಮೂರು ವರ್ಷದ ಒಪ್ಪಂದಕ್ಕೆ ಮಾತ್ರ ಸಹಿ ಹಾಕಿಲ್ಲ.