ಬಾನೆಟ್ ಬಿಸಿ ಇದ್ದರೆ ಗಾಡಿ ತಗೋಬೇಡಿ, ವಾಪಸ್ ಬನ್ನಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಯಾರಾದರೂ ಹೈದರಾಬಾದಿಗೆ ಹೋಗಿ ಹಳೆಯ ದೊಡ್ಡ ಗಾಡಿ ತರುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಉದ್ದ ಆಗುತ್ತದೆ, ಆದರೂ ಓದಿ. ಐದು ತಿಂಗಳಿಂದ ಯಾರಿಗೂ ಸರಿಯಾಗಿ ಹೇಳಿಕೊಂಡಿರಲಿಲ್ಲ, ನಾಚಿಕೆ. ಮನೆಯಲ್ಲಿ ಅರ್ಧ ಹೇಳಿದೆ, ಅಣ್ಣನಿಗೆ ಕಳೆದ ವಾರದ ತನಕ ಅದರಲ್ಲೂ ಅರ್ಧ. ಮೊನ್ನೆ ಅಂಗಡಿಗೆ ಬಂದ ಗಿರಾಕಿಯೊಬ್ಬರು "ನಾನೂ ಅಂಥದ್ದೇ ಒಂದು ನೋಡಿಟ್ಟೀನ್ರಿ, ಭಾಳ ಸಸ್ತಾ ಅದ" ಅಂದರು. ಇನ್ನು ಸುಮ್ಮನಿರುವುದು ಸರಿಯಲ್ಲ ಅನ್ನಿಸಿತು.

ನನ್ನದು ಸೇಡಂನಲ್ಲಿ ಬೀಜ-ಗೊಬ್ಬರದ ಅಂಗಡಿ. ಮನೆ ಕಲಬುರಗಿಯಲ್ಲಿ. ಒಂಬತ್ತು ವರ್ಷ ಬೊಲೆರೊ ಓಡಿಸಿದೆ. ಅದನ್ನು 4 ಲಕ್ಷ 10 ಸಾವಿರಕ್ಕೆ ಕೊಟ್ಟೆ. ಬೋರ್‌ವೆಲ್‌ಗೆ ಅಂತ ಎತ್ತಿಟ್ಟಿದ್ದ 3 ಲಕ್ಷ ತೆಗೆದೆ. ಉಳಿದ ಎರಡೂವರೆ ಲಕ್ಷ ಅಣ್ಣ ಕೊಟ್ಟ. ಒಟ್ಟು 9 ಲಕ್ಷ 60 ಸಾವಿರ. ಅದಕ್ಕೆ ತಂದದ್ದು 2012ರ ಮಾಡೆಲ್ ಜರ್ಮನ್ ಎಸ್‌ಯುವಿ. 3 ಲೀಟರ್ ಡೀಸೆಲ್, ಆರು ಸಿಲಿಂಡರ್, ಫೋರ್ ವೀಲ್ ಡ್ರೈವ್, ಏರ್ ಸಸ್ಪೆನ್ಷನ್, ಏಳು ಸೀಟು, ಎಪಿ-09 ನಂಬರ್. ಕಂಪನಿ ಹೆಸರು ಬರೆಯುವುದಿಲ್ಲ. ತಪ್ಪು ಗಾಡಿ ಮಾಡಿದವರದ್ದಲ್ಲ, ಮಾರಿದವನದ್ದು.

ವಾಟ್ಸಾಪಿನಲ್ಲಿ ಫೋಟೊ ಬಂತು. ಕೆಳಗೆ "78,000 ಕಿ.ಮೀ. ಜೆನ್ಯೂನ್, ಸಿಂಗಲ್ ಓನರ್, ಡಾಕ್ಟರ್ ಗಾಡಿ" ಅಂತ ಬರೆದಿತ್ತು. ಫೋನ್ ಮಾಡಿದೆ. ಮಾರುವವನ ಬಾಯಲ್ಲಿ ಹಿಂದಿ ಬರುತ್ತದೆ ಅಂದುಕೊಂಡರೆ ನಮ್ಮ ಕನ್ನಡವೇ ಬಂತು. "ನಾನೂ ಹುಮನಾಬಾದ್ ಕಡೆಯವನೇ ರೀ ಅಣ್ಣಾ. ನಮ್ಮ ಮಂದಿಗೇ ಮೋಸ ಮಾಡಿದ್ರ ನಾ ಊರಿಗಿ ಹ್ಯಾಂಗ ಬರ್ಲಿ?" ಆ ಒಂದು ಮಾತಿಗೆ ನಾನು ಅರ್ಧ ಒಪ್ಪಿಬಿಟ್ಟಿದ್ದೆ. ಊರು ಬಿಟ್ಟು 220 ಕಿಲೋಮೀಟರ್ ಆಚೆ ನಮ್ಮ ಮಾತು ಕೇಳಿದರೆ ಮನುಷ್ಯ ನಂಬುತ್ತಾನೆ, ಅಲ್ವಾ?

ಮೇ ತಿಂಗಳು. ಮಧ್ಯಾಹ್ನ ಹನ್ನೆರಡೂವರೆಗೆ ಹೈದರಾಬಾದಿನಲ್ಲಿ ಅವನು ಹಳೆ ಗಾಡಿ ಮಾರುವ ಯಾರ್ಡ್ ಮುಟ್ಟಿದೆ. ಹೊರಡುವಾಗ ಒಮ್ಮೆ, ಜಹೀರಾಬಾದ್ ದಾಟಿದ ಮೇಲೆ ಒಮ್ಮೆ ಫೋನ್ ಮಾಡಿ "ಎಲ್ಲಿಗಿ ಬಂದ್ರಿ ಅಣ್ಣಾ" ಅಂತ ಕೇಳಿದ್ದ. ಪ್ರೀತಿ ಅಂದುಕೊಂಡೆ. ಹೋಗಿ ನೋಡಿದರೆ ಗಾಡಿ ಶೆಡ್ಡಿನ ನೆರಳಲ್ಲಿ ಸ್ಟಾರ್ಟ್ ಆಗಿ ನಿಂತಿತ್ತು. "ಬಿಸಲಾಗ ಬಂದೀರಿ, ನಿಮಗಂತ ಎಸಿ ಹಾಕಿ ತಂಪ ಮಾಡಿ ಇಟ್ಟೀನ್ರಿ" ಅಂದ. ಹೊರಗೆ ಬೆಂಕಿ, ಒಳಗೆ ಕೂತರೆ ಬೆವರು ಆರಿತು. ಕೈಗೆ ತಣ್ಣನೆಯ ಮಜ್ಜಿಗೆ ಬಂತು. ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡೆ ನಾನು.

ಇಲ್ಲೇ ನೋಡಿ. ಇಲ್ಲೇ ನಾನು ಮೋಸ ಹೋದದ್ದು. ಆ ಎಸಿ ನನಗೆ ತಂಪಾಗಲಿ ಅಂತ ಹಾಕಿದ್ದಲ್ಲ. ಎಂಜಿನ್ ಬಿಸಿ ಇರಲಿ ಅಂತ. ಗಾಡಿ ಎತ್ತರಕ್ಕೆ ಎದ್ದು ನಿಂತಿರಲಿ ಅಂತ. ತಣ್ಣಗಿದ್ದಾಗ ಆ ಗಾಡಿ ಹೇಗೆ ಸ್ಟಾರ್ಟ್ ಆಗುತ್ತದೆ, ರಾತ್ರಿ ನಿಂತರೆ ಬೆಳಿಗ್ಗೆ ಹೇಗಿರುತ್ತದೆ ಅನ್ನುವುದು ನನ್ನ ಕಣ್ಣಿಗೆ ಬೀಳಬಾರದಿತ್ತು. ಎರಡು ಸಲ ಫೋನ್ ಮಾಡಿದ್ದೂ ಅದಕ್ಕೇ. ಬಾನೆಟ್ ಮೇಲೆ ಕೈ ಇಟ್ಟಾಗ ಸುಟ್ಟಿತು. ಬಿಸಿಲಿಗೆ ಅಂದುಕೊಂಡೆ. ಗಾಡಿ ನೆರಳಲ್ಲಿತ್ತು!

ಟ್ರಯಲ್ ಹೋದೆವು. ತೇಲಿದ ಹಾಗೆ ಹೋಯಿತು, ಸುಳ್ಳು ಹೇಳಲ್ಲ. ಬೊಲೆರೊದಲ್ಲಿ ಬೆನ್ನು ಮುರಿಸಿಕೊಂಡವನಿಗೆ ಅದು ಬೇರೆ ಲೋಕ. ಬ್ರೇಕ್ ಪೆಡಲ್ ಮೇಲಿನ ರಬ್ಬರ್ ಪೂರ್ತಿ ಸವೆದು ಗೆರೆ ಅಳಿಸಿಹೋಗಿದ್ದು ಕಂಡಿತ್ತು. 78 ಸಾವಿರ ಓಡಿದ ಗಾಡಿಯ ಪೆಡಲ್ ಹಾಗಿರುತ್ತದಾ ಅಂತ ಕೇಳಿದೆ. "ಹೈದರಾಬಾದ್ ಟ್ರಾಫಿಕ್ ರೀ ಅಣ್ಣಾ, ಕಾಲು ಬ್ರೇಕ್ ಮ್ಯಾಲೇ ಇರ್ತದ" ಅಂದ. ಹೌದು ಅನ್ನಿಸಿತು. ಡ್ರೈವರ್ ಸೀಟಿಗೆ ಮಾತ್ರ ಹೊಸ ಕವರ್ ಯಾಕೆ ಅಂತ ಕೇಳಲೇ ಇಲ್ಲ. ಒಂದು ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಂಡ. ಗಾಡಿ ಇದ್ದ ಸ್ಥಿತಿಯಲ್ಲೇ ನೋಡಿ ಒಪ್ಪಿದ್ದೇನೆ ಅಂತ ಅದರಲ್ಲಿತ್ತು. ಕಿಲೋಮೀಟರ್ ಬರೆಯುವ ಜಾಗ ಖಾಲಿ. ಅದನ್ನು ನೋಡಿದ್ದು ಮನೆಗೆ ಬಂದ ಮೇಲೆ.

ಮರುದಿನ ಗುರುವಾರ. ಎಲ್ಲರೂ ಗಾಣಗಾಪುರಕ್ಕೆ ಹೋಗಿ ದತ್ತನ ಮುಂದೆ ಗಾಡಿ ಪೂಜೆ ಮಾಡಿಸುವುದು ಅಂತ ಮಾತಾಗಿತ್ತು. ಅಣ್ಣನ ಮನೆಯವರೂ ಬಂದಿದ್ದರು. ಬೆಳಿಗ್ಗೆ ಆರಕ್ಕೆ ಅವ್ವ ನಿಂಬೆಹಣ್ಣು ಹಿಡಿದುಕೊಂಡು ಮೊದಲು ಹೊರಗೆ ಹೋದಳು. ಅಲ್ಲಿಂದಲೇ ಕರೆದಳು. "ಇದೇನಪಾ, ಗಾಡಿ ಕುಂತದ?"

ಕೂತಿತ್ತು. ಮುಂದಿನ ಭಾಗ ಪೂರ್ತಿ ಕೆಳಗೆ. ಟೈರಿನ ಮೇಲೆ ಬೆರಳು ತೂರುವಷ್ಟೂ ಸಂದು ಇರಲಿಲ್ಲ. ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಅವ್ವ ಬಗ್ಗಿದರೆ ಬಂಪರ್ ಅಡ್ಡ ಬಂತು. ಓಣಿಯವರು ಹಲ್ಲುಜ್ಜುತ್ತಾ ನೋಡುತ್ತಿದ್ದರು. ಸ್ಟಾರ್ಟ್ ಮಾಡಿದೆ. ಮುಂದೆ ಎಲ್ಲೋ ಕಟಕಟ ಅಂತ ಎರಡು ಮೂರು ಸೆಕೆಂಡ್ ಸದ್ದು ಬಂದು ನಿಂತಿತು. ಆಮೇಲೆ ಗಾಡಿ ನಿಧಾನಕ್ಕೆ ಎದ್ದಿತು.

ಅವನಿಗೆ ಫೋನ್ ಮಾಡಿದೆ. ಅವನ ಉತ್ತರವನ್ನು ಹಾಗೇ ಬರೆಯುತ್ತೇನೆ. "ಅದು ಫೀಚರ್ ಅದ ರೀ ಅಣ್ಣಾ! ಹಿರಿಯೋರು ಹತ್ತಲಾಕ ಈಜಿ ಆಗ್ಲಿ ಅಂತ ತಾನೇ ಕೆಳಗ ಇಳೀತದ. ದೊಡ್ಡ ಗಾಡಿ ಹೊಸದಾಗಿ ತಗೊಂಡೋರು ಎಲ್ಲಾ ಹಿಂಗೇ ಗಾಬರಿ ಆಗ್ತಾರ."

ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಫೋನ್ ಇಟ್ಟು ಅಣ್ಣನಿಗೂ ಅದನ್ನೇ ಹೇಳಿದೆ. "ಇದು ಫೀಚರ್, ಅವ್ವ ಹತ್ತಲಿ ಅಂತ ಇಳೀತದ" ಅಂತ ಎಲ್ಲರ ಮುಂದೆ ಹೇಳಿದೆ. ಈಗಲೂ ರಾತ್ರಿ ನೆನಪಾದರೆ ನಿದ್ದೆ ಹಾರುತ್ತದೆ. ದುಡ್ಡು ಹೋದದ್ದಕ್ಕಿಂತ ಅದು ಜಾಸ್ತಿ ಸುಡುತ್ತದೆ. ಎರಡೂವರೆ ಲಕ್ಷ ಕೊಟ್ಟ ಅಣ್ಣನ ಮುಂದೆ ಆ ಕಳ್ಳನ ಸುಳ್ಳನ್ನು ನನ್ನ ಬಾಯಿಂದ ಹೇಳಿದೆ.

ಮೂರನೇ ವಾರ ಸೇಡಂ ರೋಡಿನಲ್ಲಿ ಹೋಗುವಾಗ ಗಾಡಿಯ ಮೀಟರ್ ಬೋರ್ಡಿನಲ್ಲಿ ಕೆಂಪು ದೀಪ ಬಂತು. ಗಾಡಿ ಕೂತಿತು, ಮತ್ತೆ ಏಳಲೇ ಇಲ್ಲ. ಮಡ್‌ಗಾರ್ಡ್‌ಗೆ ಟೈರ್ ಉಜ್ಜುತ್ತಿತ್ತು. ಕಲಬುರಗಿಯಲ್ಲಿ ಮೂರು ಗ್ಯಾರೇಜಿಗೆ ಫೋನ್ ಮಾಡಿದೆ. ಗಾಡಿ ಹೆಸರು ಕೇಳಿದ ತಕ್ಷಣ "ಇದಕ್ಕ ನಾವು ಕೈ ಹಾಕಂಗಿಲ್ರಿ" ಅಂದರು. ಅವರದ್ದು ನಿಯತ್ತು, ಇದ್ದದ್ದು ಹೇಳಿದರು. ಹೈದರಾಬಾದಿಗೇ ಒಯ್ಯಬೇಕು. ಅದೂ ಎಳೆದುಕೊಂಡು ಹೋಗುವ ಹಾಗಿಲ್ಲ. ಇಂಥ ಗಾಡಿಯಲ್ಲಿ ನಾಲ್ಕೂ ಚಕ್ರ ಒಂದಕ್ಕೊಂದು ಸೇರಿರುತ್ತವೆ. ಎರಡು ಚಕ್ರ ಎತ್ತಿ ಎರಡು ನೆಲದ ಮೇಲೆ ಉರುಳಿಸಿದರೆ ಗೇರ್‌ಬಾಕ್ಸ್ ಕಡೆಗೂ ಪೆಟ್ಟು. ಪೂರ್ತಿ ಲಾರಿ ಮೇಲೇರಿಸಬೇಕು. ಬಾಡಿಗೆ 18 ಸಾವಿರ.

ಅಲ್ಲಿ ಇಂಥ ಗಾಡಿಗಳನ್ನೇ ರಿಪೇರಿ ಮಾಡುವ ಒಂದು ಗ್ಯಾರೇಜ್. ವಯಸ್ಸಾದ ಮೆಕ್ಯಾನಿಕ್, ಎಲ್ಲರೂ ಉಸ್ತಾದ್ ಅಂತಾರೆ. ಅವರು ಏನೂ ಮಾತಾಡಲಿಲ್ಲ. ಒಂದು ಮಗ್ಗಿನಲ್ಲಿ ಸೋಪಿನ ನೀರು ಕದಡಿ, ಪೇಂಟ್ ಬ್ರಷ್‌ನಿಂದ ಮುಂದಿನ ಚಕ್ರದ ಹಿಂದೆ ಇರುವ ರಬ್ಬರ್ ಚೀಲಕ್ಕೆ ಹಚ್ಚಿದರು. ಹೊರಗಿನಿಂದ ಗಾಳಿ ತುಂಬಿಸಿದರು. ರಬ್ಬರಿನ ಮಡಿಕೆಯಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಮಡಿಕೆ ಉದ್ದಕ್ಕೂ ಬಿರುಕು. ಸ್ಪ್ರಿಂಗ್ ಬದಲು ಈ ಗಾಳಿ ಚೀಲದ ಮೇಲೆಯೇ ಗಾಡಿ ನಿಲ್ಲುತ್ತದೆ. ರಾತ್ರಿ ಗಾಳಿ ಸೋರುತ್ತದೆ, ಗಾಡಿ ಕೂರುತ್ತದೆ. ಸ್ಟಾರ್ಟ್ ಮಾಡಿದಾಗ ಕಂಪ್ರೆಸರ್ ಮತ್ತೆ ತುಂಬುತ್ತದೆ. ಸೋರಿದಷ್ಟೂ ತುಂಬಿ ತುಂಬಿ ಕಡೆಗೆ ಕಂಪ್ರೆಸರ್ರೇ ಸುಟ್ಟುಹೋಗುತ್ತದೆ. ಸುಟ್ಟಿತ್ತು. ಇದಾ ಫೀಚರ್?

ಆಮೇಲೆ ಲ್ಯಾಪ್‌ಟಾಪ್ ಹಚ್ಚಿದರು. ಈ ಗಾಡಿಗಳಲ್ಲಿ ಏನಾದರೂ ದೋಷ ಬಂದರೆ ಅದು ಎಷ್ಟನೇ ಕಿಲೋಮೀಟರಿನಲ್ಲಿ ಬಂತು ಅಂತ ಒಳಗಿನ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಉಸ್ತಾದ್ ಪರದೆ ನನ್ನ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಗೇರ್‌ಬಾಕ್ಸಿನ ಒಂದು ಹಳೆ ದೋಷ. 2,06,340 ಕಿ.ಮೀ. ಮೀಟರ್ ನೋಡಿದರೆ 79 ಸಾವಿರ ಚಿಲ್ಲರೆ. ನಾನು ಎರಡೆರಡು ಸಲ ಓದಿದೆ. ಅಂಕಿ ಎಣಿಸಿದೆ. ಎರಡು ಲಕ್ಷ ಆರು ಸಾವಿರ. ಆಮೇಲೆ ಇನ್ನೆಷ್ಟು ಓಡಿತ್ತೋ.

ಎರಡು ಲಕ್ಷ ಓಡಿದೆ ಅಂತ ಮೊದಲೇ ಹೇಳಿದ್ದರೆ? ಬೇಡ ಅನ್ನುತ್ತಿದ್ದೆ, ಇಲ್ಲವೇ ಅದಕ್ಕೆ ತಕ್ಕ ಬೆಲೆಗೆ ಕೇಳುತ್ತಿದ್ದೆ. ಜಾಸ್ತಿ ಓಡಿದ ಗಾಡಿ ತಗೊಳ್ಳುವುದು ತಪ್ಪಲ್ಲ. ಖರ್ಚು ಗೊತ್ತಿದ್ದು ತಗೊಂಡರೆ ಅದು ವ್ಯವಹಾರ. ನನಗೆ ಆ ಅವಕಾಶವನ್ನೇ ಕೊಡಲಿಲ್ಲ.

ಕಟಕಟ ಸದ್ದು ಟೈಮಿಂಗ್ ಚೈನಿನದು, ಎಂಜಿನ್ನಿನ ಪಿಸ್ಟನ್, ವಾಲ್ವ್ ಎರಡನ್ನೂ ಒಂದೇ ತಾಳದಲ್ಲಿ ಇಡುವ ಚೈನ್ ಅದು. ಚೈನ್ ಸವೆದು ಸಡಿಲ ಆಗಿದೆ, ಅದನ್ನು ಬಿಗಿ ಹಿಡಿಯುವ ಟೆನ್ಷನರ್‌ಗೆ ಆಯಿಲ್ ಒತ್ತಡ ಬರುವ ತನಕ ಹೊಡೆಯುತ್ತದೆ, ಬಿಸಿ ಎಂಜಿನ್ನಿನಲ್ಲಿ ಕೇಳುವುದಿಲ್ಲ. ಬಿಸಿ ಎಂಜಿನ್ನಿನಲ್ಲಿ ಕೇಳುವುದಿಲ್ಲ, ಗೊತ್ತಾಯಿತಲ್ಲ ಎಸಿ ಯಾಕೆ ಹಾಕಿದ್ದ ಅಂತ? ಈ ಎಂಜಿನ್ನಿನಲ್ಲಿ ಚೈನ್ ಇರುವುದು ಹಿಂದೆ, ಗೇರ್‌ಬಾಕ್ಸ್ ಕಡೆ. ಎಂಜಿನ್ ಇಳಿಸದೆ ಆಗಲ್ಲ ಅಂದರು. 2 ಲಕ್ಷ 40 ಸಾವಿರ. ಎರಡು ಗಾಳಿ ಚೀಲ, ಕಂಪ್ರೆಸರ್ ಸೇರಿ 1 ಲಕ್ಷ 65 ಸಾವಿರ. ಚೈನ್ ಜಾರಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಹೊಡೆಯುತ್ತದೆ, ಎಂಜಿನ್ ಮುಗಿಯಿತು. ಸಸ್ಪೆನ್ಷನ್ ಮಾತ್ರ ಮಾಡಿಸಿದೆ. ಚೈನಿಗೆ ದುಡ್ಡಿಲ್ಲ.

ಅಲ್ಲಿಂದಲೇ ಯಾರ್ಡಿಗೆ ಹೋದೆ. ಅವನು ಇರಲಿಲ್ಲ, ಫೋನಿನಲ್ಲಿ ಸಿಕ್ಕ. ಮೊದಲು "ನಿಮ್ಮ ಕಡಿ ಬಿಸಲ ಭಾಳ, ಅದಕ್ಕ ರಬ್ಬರ್ ಹೋಗ್ಯಾದ" ಅಂದ. ಮೂರು ವಾರದಲ್ಲಿ? ಮೀಟರ್ ಬಗ್ಗೆ ಕೇಳಿದೆ. "ನಾ ಮುಟ್ಟಿಲ್ಲ, ಮೊದಲಿನ ಓನರ್ ಮಾಡಿರಬೇಕು." ಹಾಗಾದರೆ ಜೆನ್ಯೂನ್ ಅಂತ ಯಾಕೆ ಬರೆದೆ ಅಂದೆ. "ನಾ ಮೀಟರ್ ನೋಡಿ ಬರ್ದೀನಿ." ಆಮೇಲೆ ದನಿ ಏರಿತು. "ಅರವತ್ತು ಲಕ್ಷದ ಗಾಡಿ ಒಂಬತ್ತೂವರೆಗೆ ಬೇಕು, ರಿಪೇರಿ ಬ್ಯಾಡ ಅಂದ್ರ ಹ್ಯಾಂಗ?" ಕೊನೆಗೆ ಒಂದು ವಾಯ್ಸ್ ಮೆಸೇಜ್. "ಸಹಿ ಮಾಡೀರಿ. ಕೇಸ್ ಹಾಕೋದಿದ್ರ ಹೈದರಾಬಾದಿಗಿ ಬಂದು ಹಾಕ್ರಿ." ಅದರಲ್ಲಿ ಅಣ್ಣಾ ಅನ್ನುವ ಶಬ್ದ ಇರಲಿಲ್ಲ. ಆಮೇಲೆ ಬ್ಲಾಕ್ ಮಾಡಿದ.

ಎನ್ಒಸಿ, ಅಂದರೆ ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯಲು ಅಲ್ಲಿನ ಆರ್‌ಟಿಒ ಕೊಡುವ ಒಪ್ಪಿಗೆ ಪತ್ರ, ಅದರ ಕಥೆ ಬೇರೆ. ಹದಿನೈದು ದಿನದಲ್ಲಿ ಕಳಿಸುತ್ತೇನೆ ಅಂದಿದ್ದ, ಇನ್ನೂ ಬಂದಿಲ್ಲ. ಹಳೆಯ ಟ್ರಾಫಿಕ್ ಚಲನ್ ಬಾಕಿ ಇವೆಯಂತೆ. ಎನ್ಒಸಿ ಬಂದರೂ ಇಲ್ಲಿ ಕಲಬುರಗಿಯ ಕೆಎ-32 ನಂಬರ್ ಮಾಡಿಸಲು ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ವಯಸ್ಸಿನ ಪ್ರಕಾರ ಕಡಿಮೆ ಮಾಡುತ್ತಾರೆ, ಆದರೆ ಲೆಕ್ಕ ಹಾಕುವುದು ಗಾಡಿ ಹೊಸದಿದ್ದಾಗಿನ ಬೆಲೆ ಮೇಲೆ, ನಾವು ಕೊಟ್ಟ ಬೆಲೆ ಮೇಲೆ ಅಲ್ಲ. ಇದನ್ನು ಯಾರೂ ಮೊದಲು ಹೇಳಲ್ಲ. ಆರ್‌ಸಿ ಅವಧಿಯೂ 15 ವರ್ಷ, 2027ಕ್ಕೆ ಮುಗಿಯುತ್ತದೆ.

ಫೋರ್ ವೀಲ್ ಡ್ರೈವ್ ಇದೆ, ಮಳೆಗಾಲದಲ್ಲಿ ಹೊಲಕ್ಕೆ ಹೋಗಬಹುದು ಅಂದುಕೊಂಡಿದ್ದೆ. ಅದೂ ಸುಳ್ಳು. ರೋಡ್ ಟೈರಿನ ಸಂದಿಗೆ ನಮ್ಮ ಎರೆ ಮಣ್ಣು ಮೆತ್ತಿಕೊಂಡರೆ ನಾಲ್ಕು ಚಕ್ರ ತಿರುಗಿದರೂ ಅಷ್ಟೇ. ಟ್ರ್ಯಾಕ್ಟರ್ ಬಂದೇ ಎಳೆಯಿತು.

ಅಣ್ಣನಿಗೆ ಎಲ್ಲ ಹೇಳಿದ್ದು ಕಳೆದ ವಾರ. ಸುಮ್ಮನೆ ಕೇಳಿ ಒಂದೇ ಮಾತು ಕೇಳಿದ. "ಮೆಕ್ಯಾನಿಕ್‌ಗ ಕರ್ಕೊಂಡು ಹೋಗಿದ್ದಿ ಏನು?" ಇಲ್ಲ. ಹೋಗಿರಲಿಲ್ಲ. ಎರಡು ಸಾವಿರ ಉಳಿಸಿದೆ.

ಹೋಗುವವರು ಹೇಳದೆ ಹೋಗಿ. ಮೊದಲು ಬಾನೆಟ್ ಮುಟ್ಟಿ. ಬಿಸಿ ಇದ್ದರೆ ಮಜ್ಜಿಗೆ ಕುಡಿಯದೆ ವಾಪಸ್ ಬನ್ನಿ, ಇಲ್ಲವೇ ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ನೀವೇ ಸ್ಟಾರ್ಟ್ ಮಾಡಿ. ಗಾಡಿಯೊಳಗಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಇರುವವರನ್ನು ಕರೆದೊಯ್ಯಿರಿ. ಕಿಲೋಮೀಟರ್ ಕಾಗದದ ಮೇಲೆ ಬರೆಸಿಕೊಳ್ಳಿ. 2023ರ ಏಪ್ರಿಲ್‌ನಿಂದ ಹಳೆ ಗಾಡಿ ಮಾರುವ ಡೀಲರ್‌ಗೆ ಆರ್‌ಟಿಒದ ಅಧಿಕಾರ ಪತ್ರ ಇರಬೇಕು, ಅದನ್ನು ಕೇಳಿ. ನಾನು ಕೇಳಲಿಲ್ಲ. ನಮ್ಮ ಭಾಷೆ ಮಾತಾಡಿದ ಅಂತ ನಂಬಬೇಡಿ.

ಇನ್ನೊಂದು. ಹೈದರಾಬಾದಿಗೆ ಬಂದು ಕೇಸ್ ಹಾಕ್ರಿ ಅಂದನಲ್ಲ, ಅದೂ ಸುಳ್ಳು. 2019ರ ಗ್ರಾಹಕ ಕಾಯ್ದೆ ಪ್ರಕಾರ ತಗೊಂಡವರು ಎಲ್ಲಿ ವಾಸ ಇದ್ದಾರೋ ಅಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕೊಟ್ಟಿದ್ದೇನೆ. ಆ ಜೆನ್ಯೂನ್ ಮೆಸೇಜ್, ಉಸ್ತಾದ್ ಕೊಟ್ಟ ಪ್ರಿಂಟ್, ವಾಯ್ಸ್ ಮೆಸೇಜ್ ಮೂರೂ ಹಚ್ಚಿದ್ದೇನೆ. ಗಾಡಿ ಮನೆ ಮುಂದೆ ನಿಂತಿದೆ. ಚೈನಿನ ಭಯಕ್ಕೆ ಸ್ಟಾರ್ಟ್ ಮಾಡುವುದಿಲ್ಲ. ನಾನು ಸೇಡಂಗೆ ಬಸ್ಸಿನಲ್ಲಿ ಹೋಗುತ್ತೇನೆ. ಹುಮನಾಬಾದ್ ಕಡೆಯವನು ಅಂತ ಹೇಳಿಕೊಂಡು ಎಸಿ ಹಾಕಿ ಗಾಡಿ ತೋರಿಸಿದವನ ಹತ್ತಿರ ಬೇರೆ ಯಾರಾದರೂ ತಂದಿದ್ದರೆ ಅವನ ಮೆಸೇಜ್‌ಗಳನ್ನು ಅಳಿಸಬೇಡಿ, ನನ್ನ ಅಂಗಡಿಗೆ ತನ್ನಿ.