32 ಯೂನಿಟ್ ಉಳಿಸಿದ್ದಕ್ಕೆ 94 ಡಾಲರ್ ದಂಡ: ಟೆಕ್ಸಸ್‌ನ ಕರೆಂಟ್ ಪ್ಲಾನ್‌ಗಳ ಬಗ್ಗೆ ಎಚ್ಚರಿಕೆ

ಡಲ್ಲಾಸ್, ಹ್ಯೂಸ್ಟನ್ ಸುತ್ತಮುತ್ತ ಹೊಸದಾಗಿ ಮನೆ ಮಾಡುತ್ತಿರುವ ಕನ್ನಡಿಗರು, ಅದರಲ್ಲೂ ಊರಿನಲ್ಲಿ ಬೆಸ್ಕಾಂ, ಸೆಸ್ಕ್ ಬಿಲ್ಲು ಕಟ್ಟಿ ಮಾತ್ರ ಗೊತ್ತಿರುವವರು, ಬಾಗಿಲಿಗೆ ಬಂದು ಕರೆಂಟ್ ಪ್ಲಾನ್ ಮಾರುವವರಿಗೆ "ಹೂಂ" ಎನ್ನುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ಕಂಪನಿಯ ಹೆಸರನ್ನು ಬರೆಯುವುದಿಲ್ಲ. ಇಂಥ ಪ್ಲಾನ್ ಮಾರುವವರು ಒಬ್ಬರಲ್ಲ, ಹಲವರಿದ್ದಾರೆ. ಹೆಸರು ಹೇಳಿದರೆ ನೀವು ಆ ಒಬ್ಬರನ್ನು ತಪ್ಪಿಸಿಕೊಂಡು ಪಕ್ಕದವರ ಬಲೆಗೆ ಬೀಳುತ್ತೀರಿ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ವಿಚಾರಣೆ ನಡೆಸಿ, ಯೂನಿಟ್‌ಗೆ ಇಷ್ಟು ಎಂದು ದರ ನಿಗದಿ ಮಾಡುತ್ತದೆ; ಎಸ್ಕಾಂಗಳು ಆ ದರವನ್ನೇ ವಸೂಲು ಮಾಡಬೇಕು. ದರ ಹೆಚ್ಚಾಯಿತೆಂದು ನಾವು ಬೈಯಬಹುದು, ಆದರೆ ನಮಗೊಂದು ದರ, ಎದುರು ಮನೆಯವರಿಗೆ ಇನ್ನೊಂದು ದರ ಎಂಬುದಿಲ್ಲ. ಟೆಕ್ಸಸ್‌ನ ಬಹುಪಾಲು ಪ್ರದೇಶದಲ್ಲಿ ಹಾಗಲ್ಲ. 1999ರಲ್ಲಿ ಇಲ್ಲಿನ ಶಾಸನಸಭೆ ಕಾನೂನು ಮಾಡಿ, 2002ರ ಜನವರಿ 1ರಿಂದ ಚಿಲ್ಲರೆ ವಿದ್ಯುತ್ ಮಾರಾಟವನ್ನು ಸ್ಪರ್ಧೆಗೆ ಬಿಟ್ಟಿತು. ಕಂಬ, ತಂತಿ, ಮೀಟರು ಒಂದು ಕಂಪನಿಯದು. ಡಲ್ಲಾಸ್ ಕಡೆ ಆಂಕೋರ್, ಹ್ಯೂಸ್ಟನ್ ಕಡೆ ಸೆಂಟರ್‌ಪಾಯಿಂಟ್. ನಿಮಗೆ ಬಿಲ್ಲು ಕಳಿಸುವುದು ಬೇರೊಂದು ಚಿಲ್ಲರೆ ಕಂಪನಿ, ಅದನ್ನು ನೀವೇ ಆರಿಸಿಕೊಳ್ಳಬೇಕು. ಟೆಕ್ಸಸ್ ಪಬ್ಲಿಕ್ ಯುಟಿಲಿಟಿ ಕಮಿಷನ್ ಎಂಬ ಆಯೋಗವು ತಂತಿ ಕಂಪನಿಯ ಸಾಗಣೆ ಶುಲ್ಕವನ್ನು ನಿಗದಿ ಮಾಡುತ್ತದೆ, ಚಿಲ್ಲರೆ ಕಂಪನಿಗಳಿಗೆ ಪರವಾನಗಿ ಕೊಡುತ್ತದೆ, ಗ್ರಾಹಕರಿಗೆ ಏನೇನು ತಿಳಿಸಬೇಕೆಂದು ನಿಯಮ ಮಾಡುತ್ತದೆ. ಚಿಲ್ಲರೆ ಕಂಪನಿ ನಿಮ್ಮಿಂದ ಯೂನಿಟ್‌ಗೆ ಎಷ್ಟು ವಸೂಲು ಮಾಡಬೇಕೆಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಈ ಒಂದು ವ್ಯತ್ಯಾಸವನ್ನೇ ಬಂಡವಾಳ ಮಾಡಿಕೊಂಡು ನನ್ನ ಮನೆ ಬಾಗಿಲಿಗೆ ಒಬ್ಬ ಹುಡುಗ ಬಂದ.

ಕೊರಳಲ್ಲಿ ಬ್ಯಾಡ್ಜ್, ಕೈಯಲ್ಲಿ ಟ್ಯಾಬ್ಲೆಟ್, ಬಾಯಿ ತುಂಬ ಸರ್, ಸರ್. ಹೊಸ ಬಡಾವಣೆಗಳಲ್ಲಿ ಸಂಜೆ ಹೊತ್ತು ಇಂಥವರು ಮನೆಯಿಂದ ಮನೆಗೆ ಹೋಗುತ್ತಿರುತ್ತಾರೆ. "ನಿಮ್ಮ ಈಗಿನ ಬಿಲ್ಲು ತೋರಿಸಿ, ನೀವು ಜಾಸ್ತಿ ಕಟ್ಟುತ್ತಿದ್ದೀರೋ ಇಲ್ಲವೋ ನೋಡಿ ಹೇಳುತ್ತೇನೆ" ಎಂದ. ಬಿಲ್ಲು ಅವರಿಗೆ ಏಕೆ ಬೇಕೆಂದರೆ ಅದರಲ್ಲಿ ನಿಮ್ಮ ಮನೆಯ ಇಎಸ್‌ಐ ಐಡಿ ಎಂಬ ಉದ್ದನೆಯ ಸಂಖ್ಯೆ ಇರುತ್ತದೆ. ನಿಮ್ಮ ಮೀಟರನ್ನು ಇನ್ನೊಂದು ಕಂಪನಿಗೆ ವರ್ಗಾಯಿಸಲು ಆ ಸಂಖ್ಯೆ ಬೇಕು. ಆಮೇಲೆ ಟ್ಯಾಬ್ಲೆಟ್‌ನಲ್ಲಿ ದೊಡ್ಡ ಅಕ್ಷರದಲ್ಲಿ 10.4 ಸೆಂಟ್ ಎಂದು ತೋರಿಸಿ, "ಇದು ಕಮಿಷನ್ ಒಪ್ಪಿದ ದರ ಸರ್, ಕಮಿಷನ್‌ನವರ ವೆಬ್‌ಸೈಟ್‌ನಲ್ಲೇ ಇದೆ" ಎಂದ. ಆಯೋಗವು ಯಾವ ಕಂಪನಿಯ ಯಾವ ಪ್ಲಾನಿಗೂ ಶಿಫಾರಸು ಕೊಡುವುದಿಲ್ಲ. ಪವರ್ ಟು ಚೂಸ್ ಎಂಬ ಆಯೋಗದ ತಾಣದಲ್ಲಿ ಕಂಪನಿಗಳು ತಮ್ಮ ತಮ್ಮ ಪ್ಲಾನ್‌ಗಳನ್ನು ಪಟ್ಟಿಗೆ ಹಾಕುತ್ತವೆ, ಅಷ್ಟೇ. ಪಟ್ಟಿಯಲ್ಲಿರುವುದಕ್ಕೂ ಆಯೋಗ ಒಪ್ಪಿದ್ದಕ್ಕೂ ಅಜಗಜಾಂತರ.

"ಫಿಕ್ಸೆಡ್ ರೇಟ್ ಸರ್, 2021ರ ಹಾಗೆ ಆಗುವ ಭಯವಿಲ್ಲ" ಎಂದೂ ಸೇರಿಸಿದ. ಇಲ್ಲಿರುವವರಿಗೆ ಆ ಫೆಬ್ರವರಿಯ ಚಳಿ ಮರೆತಿಲ್ಲ. ಸಗಟು ದರ ಮೆಗಾವಾಟ್ ಗಂಟೆಗೆ 9000 ಡಾಲರ್, ಅಂದರೆ ಯೂನಿಟ್‌ಗೆ 9 ಡಾಲರ್‌ಗೆ ಏರಿ ದಿನಗಟ್ಟಲೆ ಅಲ್ಲೇ ನಿಂತಿತ್ತು. ಸಗಟು ದರಕ್ಕೇ ಕರೆಂಟ್ ಕೊಳ್ಳುವ ಪ್ಲಾನ್ ಹಾಕಿಸಿಕೊಂಡಿದ್ದ ಮನೆಗಳಿಗೆ ಸಾವಿರಾರು ಡಾಲರ್ ಬಿಲ್ಲು ಬಂದಿತ್ತು. ಆಯೋಗದ ಮೂವರು ಸದಸ್ಯರೂ ಒಬ್ಬರ ಹಿಂದೊಬ್ಬರು ರಾಜೀನಾಮೆ ಕೊಟ್ಟರು. ಅದೇ ವರ್ಷ ಮನೆ ಬಳಕೆದಾರರಿಗೆ ಅಂಥ ಪ್ಲಾನ್ ಮಾರುವುದನ್ನು ಕಾನೂನಿನಲ್ಲೇ ನಿಷೇಧಿಸಿ, ಆಯೋಗದ ಸದಸ್ಯರ ಸಂಖ್ಯೆಯನ್ನು ಐದಕ್ಕೆ ಏರಿಸಿದರು. ನಿಷೇಧವಾಗಿ ಹೋದ ಒಂದು ವಸ್ತುವಿನ ಭಯ ಹುಟ್ಟಿಸಿ ತನ್ನ ವಸ್ತುವನ್ನು ಮಾರುವ ಆ ಜಾಣತನ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಫಿಕ್ಸೆಡ್ ರೇಟ್ ಎಂದದ್ದು ಸುಳ್ಳಲ್ಲ, ಅದೇ ಇದರ ವಿಷ. ಯೂನಿಟ್‌ಗೆ ಕಂಪನಿಯ ದರ 15 ಸೆಂಟ್. ತಂತಿ ಕಂಪನಿಯ ಸಾಗಣೆ ಶುಲ್ಕ ಯೂನಿಟ್‌ಗೆ ಸುಮಾರು 5 ಸೆಂಟ್, ಅದರ ಮೇಲೆ ತಿಂಗಳಿಗೆ 4 ಡಾಲರ್ ಚಿಲ್ಲರೆ. ಬಳಕೆ 1000 ಯೂನಿಟ್ ಮುಟ್ಟಿದರೆ ಮಾತ್ರ 100 ಡಾಲರ್ ಬಿಲ್ ಕ್ರೆಡಿಟ್. ಲೆಕ್ಕ ಹಾಕಿ ನೋಡಿ. ಸರಿಯಾಗಿ 1000 ಯೂನಿಟ್ ಉರಿಸಿದರೆ 204 ಡಾಲರ್ ಆಗಿ, 100 ಕಳೆದು, 104 ಡಾಲರ್ ಕಟ್ಟುತ್ತೀರಿ. ಹುಡುಗ ತೋರಿಸಿದ 10.4 ಸೆಂಟ್ ಇದೇ. 500 ಯೂನಿಟ್ ಉರಿಸಿದರೂ ಅದೇ 104 ಡಾಲರ್, ಅಂದರೆ ಯೂನಿಟ್‌ಗೆ 20.8 ಸೆಂಟ್. ಬೇಸಿಗೆಯಲ್ಲಿ ಎಸಿ ಹಾಕಿ 2000 ಮುಟ್ಟಿದರೆ 304 ಡಾಲರ್, ಯೂನಿಟ್‌ಗೆ 15.2 ಸೆಂಟ್. ಆ 10.4 ಎಂಬ ದರ ಸಿಗುವುದು ವರ್ಷವಿಡೀ ಒಂದೇ ಒಂದು ಬಿಂದುವಿನಲ್ಲಿ, ಮೀಟರು 1000ಕ್ಕೆ ಬಂದು ನಿಂತಾಗ ಮಾತ್ರ. ಯಾರ ಮನೆಯ ಮೀಟರು ಹಾಗೆ ನಿಲ್ಲುತ್ತದೆ?

ಆ 1000ವನ್ನೇ ಏಕೆ ಆರಿಸಿಕೊಂಡರು ಎಂಬುದು ಗಮನಿಸಬೇಕಾದ ಮಾತು. ಪ್ರತಿ ಪ್ಲಾನಿಗೂ ಎಲೆಕ್ಟ್ರಿಸಿಟಿ ಫ್ಯಾಕ್ಟ್ಸ್ ಲೇಬಲ್ ಎಂಬ ಕಾಗದ ಇರಲೇಬೇಕೆಂದೂ, ಅದರಲ್ಲಿ 500, 1000, 2000 ಯೂನಿಟ್‌ಗೆ ಸರಾಸರಿ ದರ ಎಷ್ಟೆಂದು ಮುದ್ರಿಸಬೇಕೆಂದೂ ಆಯೋಗವೇ ನಿಯಮ ಮಾಡಿದೆ. ಗ್ರಾಹಕರು ಹೋಲಿಸಿ ನೋಡಲಿ ಎಂಬುದು ಉದ್ದೇಶ. ಜನ ನೋಡುವುದು ನಡುವಿನ ಅಂಕಿಯನ್ನು. ಕಂಪನಿಗಳು ಆ ನಡುವಿನ ಅಂಕಿಗೇ ಸರಿಯಾಗಿ ಕ್ರೆಡಿಟ್ಟನ್ನು ಹೊಲಿದು ಕೂರಿಸಿವೆ. ರಕ್ಷಣೆಗೆಂದು ಮಾಡಿದ ಕೋಷ್ಟಕವೇ ಜಾಹೀರಾತಾಯಿತು. ನನಗೆ ಟ್ಯಾಬ್ಲೆಟ್‌ನಲ್ಲಿ ಕಂಡದ್ದು ನಡುವಿನ ಅಂಕಿ ಮಾತ್ರ. ಪೂರ್ತಿ ಲೇಬಲ್ ಆಮೇಲೆ ಈಮೇಲ್‌ನಲ್ಲಿ, ಹತ್ತಾರು ಪುಟದ ಷರತ್ತುಗಳ ಜೊತೆಗೆ ಬಂತು.

ಮಾರ್ಚ್ ತಿಂಗಳ ಬಿಲ್ಲು ಬಂದಾಗ ಅಮ್ಮ ಹಾಸನದಿಂದ ಬಂದು ನಮ್ಮ ಜೊತೆ ಇದ್ದರು. ಅವರಿಗೆ ಖಾಲಿ ಕೋಣೆಯಲ್ಲಿ ಲೈಟು ಉರಿಯುವುದನ್ನು ಕಂಡರೆ ಆಗದು. ಡ್ರೈಯರ್ ಹಾಕಲು ಬಿಡದೆ, ಹಿತ್ತಿಲಿನ ಬೇಲಿಯ ಮೇಲೆ ಬಟ್ಟೆ ಒಣಹಾಕಿ, ಮಕ್ಕಳ ಹಿಂದೆಯೇ ಹೋಗಿ ಸ್ವಿಚ್ಚು ಆರಿಸಿ, ಒಂದು ತಿಂಗಳು ಮನೆಯನ್ನು ಹದ್ದುಬಸ್ತಿನಲ್ಲಿಟ್ಟಿದ್ದರು. ಬಳಕೆ 968 ಯೂನಿಟ್. ಬಿಲ್ಲು ತೆರಿಗೆ ಬಿಟ್ಟು 198 ಡಾಲರ್. ಹಿಂದಿನ ತಿಂಗಳು 1000ಕ್ಕಿಂತ ಸ್ವಲ್ಪ ಮೇಲೆ ಹೋಗಿದ್ದಾಗ ಬಂದದ್ದು ನೂರರ ಆಸುಪಾಸಿನ ಬಿಲ್ಲು. ಮೀಟರು ತಪ್ಪಾಗಿದೆ ಎಂದುಕೊಂಡೆ, ಹಳೆಯ ಬಾಕಿ ಸೇರಿಸಿದ್ದಾರೆ ಎಂದುಕೊಂಡೆ, ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿದೆ. ಕೊನೆಗೆ ಕಂಡಿತು: ಹಿಂದಿನ ಬಿಲ್ಲಿನಲ್ಲಿದ್ದ 100 ಡಾಲರ್ ಕ್ರೆಡಿಟ್‌ನ ಸಾಲೇ ಈ ಬಿಲ್ಲಿನಲ್ಲಿ ಇರಲಿಲ್ಲ. 32 ಯೂನಿಟ್ ಕಡಿಮೆ ಉರಿಸಿದ್ದಕ್ಕೆ 94 ಡಾಲರ್ ಹೆಚ್ಚು. ಅಮ್ಮನಿಗೆ ಅರ್ಥ ಮಾಡಿಸಲು ಹೋದಾಗ, "ಕಡಿಮೆ ಉರಿಸಿದ್ರೆ ಜಾಸ್ತಿ ದುಡ್ಡು ಕೇಳೋ ಊರು ಎಲ್ಲಾದ್ರೂ ಇದ್ಯೇನಪ್ಪಾ?" ಎಂದು ಕೇಳಿದರು. ಇಂಜಿನಿಯರ್ ಮಗನಾಗಿ ಆ ಪ್ರಶ್ನೆಗೆ ಉತ್ತರ ಕೊಡಲು ನಿಂತ ನನ್ನ ಮುಖವನ್ನು ನೀವೇ ಊಹಿಸಿಕೊಳ್ಳಿ. ಎದುರು ಮನೆಯವರು ಎಲ್ಲ ಸೇರಿ ಸುಮಾರು 14 ಸೆಂಟಿನ ನೇರ ಪ್ಲಾನಿನಲ್ಲಿದ್ದಾರೆ. ಅಷ್ಟೇ ಯೂನಿಟ್‌ಗೆ ಅವರಿಗೆ 136 ಡಾಲರ್ ಮೀರುತ್ತಿರಲಿಲ್ಲ.

ಈಗ ಅವರ ಉತ್ತರಗಳನ್ನು ಕೇಳಿ. ಫೋನ್ ತೆಗೆದವರು ತುಂಬ ವಿನಯದಿಂದ, "ನೀವು ಒಪ್ಪಿಕೊಂಡ ಲೇಬಲ್‌ನಲ್ಲೇ ಇದೆ ಸರ್" ಎಂದರು. ಹಾಗಾದರೆ ಮುಂದೇನು ಮಾಡಬೇಕು ಎಂದದ್ದಕ್ಕೆ, "ತಿಂಗಳ ಕೊನೆಯಲ್ಲಿ ಬಳಕೆಯನ್ನು ಗಮನಿಸುತ್ತಾ ಇರಿ ಸರ್, ಸಾವಿರಕ್ಕೆ ಸ್ವಲ್ಪ ಕಡಿಮೆ ಬೀಳುವಂತಿದ್ದರೆ ಇನ್ನಷ್ಟು ಬಳಸಿಕೊಳ್ಳಿ" ಎಂದರು. ಇದು ನಾನು ಕಟ್ಟಿ ಹೇಳುತ್ತಿರುವ ಮಾತಲ್ಲ, ಹೀಗೆಯೇ ಹೇಳಿದರು. ಮೇಲಿನವರಿಗೆ ಕೊಡಿ ಎಂದೆ. ಮೇಲಿನವರು ಬಂದು, "ಈ ಪ್ಲಾನ್ ನಿಮ್ಮ ಜೀವನಶೈಲಿಗೆ ಹೊಂದುತ್ತಿಲ್ಲ ಅನಿಸುತ್ತದೆ" ಎಂದರು. ಹೊಂದುತ್ತಿಲ್ಲವಾದರೆ ಬಿಡಿಸಿ ಎಂದೆ. ಅವಧಿಗೆ ಮುಂಚೆ ಬಿಟ್ಟರೆ 150 ಡಾಲರ್ ಶುಲ್ಕ. ಕಮಿಷನ್ ಒಪ್ಪಿದ ದರ ಎಂದು ನಿಮ್ಮ ಹುಡುಗ ಹೇಳಿದನಲ್ಲ ಎಂದದ್ದಕ್ಕೆ, "ನಮ್ಮ ಪ್ರತಿನಿಧಿಗಳು ಹಾಗೆ ಹೇಳುವುದಿಲ್ಲ ಸರ್." ಹೇಳಿದ್ದಾನೆ ಎಂದೆ. "ಹಾಗೆ ಹೇಳುವುದಿಲ್ಲ ಸರ್." ಇದೇ ಮಾತು ಇನ್ನೊಮ್ಮೆ, ಮತ್ತೊಮ್ಮೆ.

ಕಂಪನಿಗೆ ಲಿಖಿತ ದೂರು ಕೊಟ್ಟೆ, ಅದೇ ಉತ್ತರ ಕಾಗದದಲ್ಲಿ ಬಂತು. ಆಯೋಗದ ಗ್ರಾಹಕ ರಕ್ಷಣಾ ವಿಭಾಗಕ್ಕೆ ಬರೆದೆ. ಇದಕ್ಕೆ ವಕೀಲರು ಬೇಡ, ಶುಲ್ಕವಿಲ್ಲ. ಆಯೋಗ ದೂರನ್ನು ಕಂಪನಿಗೆ ಕಳಿಸಿ ಲಿಖಿತ ಉತ್ತರ ಕೇಳುತ್ತದೆ. ಕಂಪನಿ ಕಳಿಸಿದ ಉತ್ತರದ ಜೊತೆಗೆ ಒಂದು ಧ್ವನಿಮುದ್ರಣದ ಅಕ್ಷರರೂಪ ಇತ್ತು. ಅಂದು ಸಂಜೆ ಹುಡುಗ ಫೋನ್ ಹಚ್ಚಿಕೊಟ್ಟು ಅಂಗಳಕ್ಕೆ ಇಳಿದು ನಿಂತಿದ್ದಾಗ, ಆ ಕಡೆಯ ದನಿ ಗಡಿಬಿಡಿಯಲ್ಲಿ ಓದಿದ ಪ್ರಶ್ನೆಗಳು, ಅದಕ್ಕೆ ನನ್ನ ಉತ್ತರಗಳು. ಷರತ್ತುಗಳನ್ನು ತಿಳಿಸಲಾಗಿದೆಯೇ? ಹೌದು. ಬಳಕೆಗೆ ತಕ್ಕಂತೆ ಸರಾಸರಿ ದರ ಬದಲಾಗಬಹುದೆಂದು ತಿಳಿದಿದೆಯೇ? ಹೌದು. ಸ್ವಇಚ್ಛೆಯಿಂದ ಬದಲಾಯಿಸುತ್ತಿದ್ದೀರಾ? ಹೌದು. ಪುಟದ ತುಂಬ ನನ್ನ ಹೆಸರಿನ ಮುಂದೆ ಹೌದು, ಹೌದು, ಹೌದು. ಬಾಗಿಲಲ್ಲಿ ನಿಂತು ಹುಡುಗ ಆಡಿದ ಒಂದು ಮಾತೂ ಎಲ್ಲೂ ದಾಖಲಾಗಿಲ್ಲ. ನನ್ನ ಹೌದುಗಳಿಗೆ ದಾಖಲೆ ಇದೆ, ಅವನ ಸುಳ್ಳಿಗೆ ಇಲ್ಲ. ಅದನ್ನು ಓದಿದ ದಿನ ಹೆಂಡತಿಗೆ ತೋರಿಸಲೂ ಮನಸ್ಸಾಗಲಿಲ್ಲ.

ಆಯೋಗದವರು ಕೊಟ್ಟ ಉತ್ತರ ಸ್ಪಷ್ಟವಾಗಿತ್ತು, ಸಿಟ್ಟು ಬಂದರೂ ಅದನ್ನು ಒಪ್ಪಲೇಬೇಕು. ಬಿಲ್ ಕ್ರೆಡಿಟ್ ಪ್ಲಾನ್ ನಿಯಮಬಾಹಿರವಲ್ಲ. ಲೇಬಲ್‌ನಲ್ಲಿ ಮೂರೂ ದರಗಳನ್ನು ಮುದ್ರಿಸಿದ್ದಾರೆ. ದರ ಹೆಚ್ಚೋ ಕಡಿಮೆಯೋ ಎಂದು ತೀರ್ಪು ಕೊಡುವುದು ಸ್ಪರ್ಧೆಯ ಮಾರುಕಟ್ಟೆಯಲ್ಲಿ ಆಯೋಗದ ಕೆಲಸವಲ್ಲ. ಒಪ್ಪಿಗೆಯಿಲ್ಲದೆ ನಿಮ್ಮ ಮೀಟರನ್ನು ಇನ್ನೊಂದು ಕಂಪನಿಗೆ ವರ್ಗಾಯಿಸಿದ್ದರೆ, ಕೇಳದ ಸೇವೆಗೆ ಬಿಲ್ಲಿನಲ್ಲಿ ಹಣ ಸೇರಿಸಿದ್ದರೆ, ಆಗ ಆಯೋಗದ ಕೈ ಬಲವಾಗಿದೆ, ದಂಡವನ್ನೂ ಹಾಕಬಲ್ಲದು. ನೀವಾಗಿ ಹೌದೆಂದ ಕೆಟ್ಟ ಒಪ್ಪಂದದಿಂದ ಎಳೆದು ಹೊರಗೆ ತರುವ ಅಧಿಕಾರ ಅದಕ್ಕಿಲ್ಲ. ಹಾಗೆಂದು ದೂರು ವ್ಯರ್ಥವಾಗಲಿಲ್ಲ. ಆಯೋಗದ ಪತ್ರ ಹೋದ ಮೇಲೆ, ಅದುವರೆಗೆ "ಸಾಧ್ಯವೇ ಇಲ್ಲ ಸರ್" ಎನ್ನುತ್ತಿದ್ದ ಕಂಪನಿಯೇ, "ಯಾವುದೇ ತಪ್ಪನ್ನು ಒಪ್ಪಿಕೊಳ್ಳದೆ, ಕೇವಲ ಸೌಜನ್ಯಕ್ಕಾಗಿ" ಎಂಬ ಒಕ್ಕಣೆಯೊಂದಿಗೆ 150 ಡಾಲರ್ ಶುಲ್ಕವನ್ನು ಮನ್ನಾ ಮಾಡಿತು. ಹೋದ 94 ಡಾಲರ್ ಹೋಯಿತು. ಸೌಜನ್ಯವಂತೆ!

ನೀವು ಮಾಡಬೇಕಾದದ್ದು ಇಷ್ಟು. ಬಾಗಿಲಿಗೆ ಬಂದವರಿಗೆ ಬಿಲ್ಲು ತೋರಿಸಬೇಡಿ. ಸ್ಮಾರ್ಟ್ ಮೀಟರ್ ಟೆಕ್ಸಸ್ ತಾಣದಲ್ಲಿ ನಿಮ್ಮ ಮನೆಯ ಬಳಕೆ ಹದಿನೈದು ನಿಮಿಷಕ್ಕೊಂದರಂತೆ ಉಚಿತವಾಗಿ ಸಿಗುತ್ತದೆ. ಅತಿ ಕಡಿಮೆ ಉರಿಸಿದ ತಿಂಗಳನ್ನು ಹಿಡಿದು ಲೆಕ್ಕ ಹಾಕಿ. ಲೇಬಲ್‌ನಲ್ಲಿ 500ರ ದರ 1000ದ ದರಕ್ಕಿಂತ ಎಷ್ಟೋ ಹೆಚ್ಚಿದ್ದರೆ ಬಾಗಿಲು ಹಾಕಿಕೊಳ್ಳಿ, ವಿನಯವೇನೂ ಬೇಡ. ಪವರ್ ಟು ಚೂಸ್‌ನಲ್ಲಿ ಬಳಕೆಗೆ ತಕ್ಕಂತೆ ದರ ಬದಲಾಗುವ ಪ್ಲಾನ್‌ಗಳನ್ನು ಪಟ್ಟಿಯಿಂದ ತೆಗೆದು ನೋಡುವ ಅವಕಾಶವೂ ಇದೆ. ಕಂಪನಿ ಬದಲಾಯಿಸಿದ್ದರೆ, ಷರತ್ತುಗಳ ಕಾಗದ ಕೈಸೇರಿದ ಮೇಲೆ ಮೂರು ಕೆಲಸದ ದಿನಗಳೊಳಗೆ ದಂಡವಿಲ್ಲದೆ ರದ್ದು ಮಾಡಬಹುದು. ಆ ಮೂರು ದಿನ ಬೇರೆಲ್ಲ ಬಿಟ್ಟು ಅದನ್ನು ಓದಿ. ಒಪ್ಪಂದ ಮುಗಿಯುವ ಕೊನೆಯ 14 ದಿನಗಳಲ್ಲಿ ಬಿಟ್ಟರೂ, ಮನೆ ಖಾಲಿ ಮಾಡಿ ಬೇರೆ ವಿಳಾಸಕ್ಕೆ ಹೋದರೂ ಆ ಶುಲ್ಕ ಕಟ್ಟಬೇಕಿಲ್ಲ, ಕೇಳಿದರೆ ನಿಯಮ ತೋರಿಸಿ. ಹುಡುಗ ಏನಾದರೂ ಹೇಳಿದರೆ, "ಅದನ್ನೇ ಈಮೇಲ್‌ನಲ್ಲಿ ಬರೆದು ಕೊಡು" ಎನ್ನಿ. ಅಲ್ಲಿಗೆ ಅವನ ಉತ್ಸಾಹ ಇಳಿಯುತ್ತದೆ. ಆಸ್ಟಿನ್, ಸ್ಯಾನ್ ಆಂಟೋನಿಯೊದವರಿಗೆ ನಗರಸಭೆಯದೇ ಕರೆಂಟ್ ಕಂಪನಿ ಇರುವುದರಿಂದ ಈ ಗೋಳಿಲ್ಲ. ಆಸ್ಟಿನ್‌ನ ನನ್ನ ಸ್ನೇಹಿತ ಆಯ್ಕೆಯೇ ಇಲ್ಲವೆಂದು ಗೊಣಗುತ್ತಿರುತ್ತಾನೆ, ನನಗೀಗ ಅವನ ಮೇಲೆ ಹೊಟ್ಟೆಕಿಚ್ಚು. ಲಬ್ಬಕ್‌ನವರು ಮಾತ್ರ 2024ರಿಂದ ಈ ಸಂತೆಗೆ ಹೊಸದಾಗಿ ಬಂದಿದ್ದಾರೆ, ಅಲ್ಲಿ ನಮ್ಮವರು ಯಾರಾದರೂ ಇದ್ದರೆ ತಿಳಿಸಿ.

ಕಳೆದ ವಾರ ಅದೇ ಕಂಪನಿಯಿಂದ ಹಳೆಯ ಗ್ರಾಹಕರಿಗೆಂದು ಪತ್ರ ಬಂದಿದೆ. ಈ ಬಾರಿ 1000 ಯೂನಿಟ್ ದಾಟಿದರೆ 125 ಡಾಲರ್ ಕ್ರೆಡಿಟ್ ಅಂತೆ, ಯೂನಿಟ್‌ನ ಮೂಲ ದರವನ್ನು ಅದಕ್ಕೆ ತಕ್ಕಂತೆ ಏರಿಸಿದ್ದಾರೆ. ನಮ್ಮ ಬಡಾವಣೆಯಲ್ಲಿ ಬ್ಯಾಡ್ಜ್ ಹಾಕಿಕೊಂಡ ಹುಡುಗರು ಈ ವಾರಾಂತ್ಯವೂ ಮನೆ ಮನೆ ತಿರುಗುತ್ತಿದ್ದರು.